ಫ್ರೀ ರ‍್ಯಾಡಿಕಲ್ ಮತ್ತು ಆ್ಯಂಟಿಆಕ್ಸಿಡೆಂಟ್: ವಿಜ್ಞಾನದ ಚರಿತ್ರೆ ಮತ್ತು ಕಲಬುರಗಿಯ ಸಿಮೆಂಟ್ ಸೀಮೆ

ಜೋಡಿಯಿಲ್ಲದ ಎಲೆಕ್ಟ್ರಾನ್ ಉಳ್ಳ ಪರಮಾಣು ಅಥವಾ ಅಣುವಿಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಅದು ನೆರೆಯ ಅಣುವಿನಿಂದ ಎಲೆಕ್ಟ್ರಾನ್ ಕಸಿಯುತ್ತದೆ. ಕಳೆದುಕೊಂಡ ಅಣು ತಾನೂ ರ‍್ಯಾಡಿಕಲ್ ಆಗಿ ಇನ್ನೊಂದರ ಮೇಲೆರಗುತ್ತದೆ. ಈ ಸರಪಳಿಯಲ್ಲಿ ಜೀವಕೋಶದ ಪೊರೆಯ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲವೂ ಹಾಳಾಗಬಹುದು. ಸರಪಳಿಯನ್ನು ಮುರಿಯುವ ವಸ್ತುವೇ ಆ್ಯಂಟಿಆಕ್ಸಿಡೆಂಟ್. ಸುಣ್ಣಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಹಬ್ಬಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನರಿಗೆ ಇದು ಪ್ರಯೋಗಾಲಯದ ವಿಷಯ ಮಾತ್ರವಲ್ಲ. ನೂರು ವರ್ಷ ಮೀರಿದ ಈ ಸಂಶೋಧನೆಯ ಚರಿತ್ರೆ ಅವರಿಗೆ ಹೇಳುವುದು ಇಷ್ಟು: ರಕ್ಷಣೆ ದೂಳು, ಹೊಗೆಗಳನ್ನು ತಡೆಯುವುದರಿಂದ ಶುರುವಾಗಬೇಕು, ವಿಟಮಿನ್ ಮಾತ್ರೆ ಅದಕ್ಕೆ ಬದಲಿಯಾಗದು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೋಸಸ್ ಗಾಂಬರ್ಗ್ 1900ರಲ್ಲಿ ಮೊದಲ ಸ್ಥಿರ ರ‍್ಯಾಡಿಕಲ್ ಅನ್ನು ವಿವರಿಸಿದಾಗ ಅದು ಬರೀ ರಸಾಯನಶಾಸ್ತ್ರದ ಸಂಗತಿಯಾಗಿತ್ತು. 1954ರಲ್ಲಿ ರೆಬೆಕಾ ಗೆರ್ಷ್‌ಮನ್ ಮತ್ತು ಸಂಗಡಿಗರು ಅತಿಯಾದ ಆಮ್ಲಜನಕದ ವಿಷಪರಿಣಾಮಕ್ಕೂ ಎಕ್ಸ್-ಕಿರಣದ ಹಾನಿಗೂ ರ‍್ಯಾಡಿಕಲ್‌ಗಳೇ ಸಮಾನ ಕಾರಣ ಎಂದರು. ಡೆನ್ಹಮ್ ಹಾರ್ಮನ್ 1956ರಲ್ಲಿ ಮುಪ್ಪಿಗೂ ಅವೇ ಮೂಲ ಎಂಬ ಸಿದ್ಧಾಂತ ಮಂಡಿಸಿದರು. ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ, ಸೂಪರ್‌ಆಕ್ಸೈಡ್ ಎಂಬ ರ‍್ಯಾಡಿಕಲ್ ಅನ್ನು ನಿವಾರಿಸುವ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವವನ್ನು ಗುರುತಿಸಿದ ಮೇಲೆ ದೇಹಕ್ಕೆ ತನ್ನದೇ ರಕ್ಷಣೆಯಿದೆ ಎಂಬುದು ಖಚಿತವಾಯಿತು. ಆದರೆ 1973ರಲ್ಲಿ ಬರ್ನಾರ್ಡ್ ಬಾಬಿಯರ್ ತಂಡ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ ಎಂದು ತೋರಿಸಿತು. ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕೂಡ ರ‍್ಯಾಡಿಕಲ್. ಅದರ ಸಂಶೋಧನೆಗೆ 1998ರಲ್ಲಿ ನೊಬೆಲ್ ಬಂತು. ಹಾಗಾಗಿ ರ‍್ಯಾಡಿಕಲ್‌ಗಳನ್ನು ಬೇರುಸಹಿತ ಕಿತ್ತೊಗೆಯಬೇಕೆಂಬ ಮಾತಿಗೆ ಅರ್ಥವಿಲ್ಲ. ಸಮತೋಲ ತಪ್ಪಿದಾಗಲೇ ಕಾಯಿಲೆ.

ಸಮತೋಲ ತಪ್ಪಿಸುವ ಕಾರಣಗಳಲ್ಲಿ ದೂಳು ಒಂದು. ಶ್ವಾಸಕೋಶದ ತಳದವರೆಗೆ ಇಳಿದ ಕಣವನ್ನು ಅಲ್ಲಿನ ರಕ್ಷಕ ಕೋಶಗಳು ನುಂಗುತ್ತವೆ. ಕರಗಿಸಲಾಗದ ಕಣವಾದರೆ ಕೋಶ ಸೂಪರ್‌ಆಕ್ಸೈಡ್ ಕಾರುತ್ತಲೇ ಹೋಗಿ ಉರಿಯೂತ ನೆಲೆಗೊಳ್ಳುತ್ತದೆ. ಕಲ್ಲುಗಳಲ್ಲಿರುವ ಸಿಲಿಕಾ ಆಗಷ್ಟೇ ಒಡೆದಾಗ ಅದರ ಮೈಮೇಲೆಯೇ ರ‍್ಯಾಡಿಕಲ್‌ಗಳಿರುತ್ತವೆ ಎಂದು ವಳ್ಳಿಯತ್ತನ್ ಮತ್ತಿತರರು 1988ರಲ್ಲಿ ತೋರಿಸಿದರು. ಶಹಾಬಾದ ಕಲ್ಲು ಸುಣ್ಣಕಲ್ಲು, ಗ್ರಾನೈಟ್‌ನಷ್ಟು ಸಿಲಿಕಾ ಅದರಲ್ಲಿಲ್ಲ ಎಂಬ ಆಕ್ಷೇಪ ಸರಿಯೇ. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆದರೂ ಸಿಲಿಕಾ ಕಡಿಮೆ ಎಂದ ಮಾತ್ರಕ್ಕೆ ದೂಳು ನಿರಪಾಯವಾಗದು. ಪರ್ಸಿ ಎಂದು ಕರೆಯುವ ಈ ಕಲ್ಲನ್ನು ವರ್ಷಗಟ್ಟಲೆ ಕೊಯ್ದು ಪಾಲಿಶ್ ಮಾಡುವವರು, ಸಿಮೆಂಟ್ ಚೀಲ ತುಂಬುವವರು ಉಸಿರಾಡುವ ದೂಳಿನ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಅದರ ಜೊತೆ ಬೀಡಿ ಸೇರಿದರೆ ಹೊಗೆಯಲ್ಲಿನ ಅಸಂಖ್ಯ ರ‍್ಯಾಡಿಕಲ್‌ಗಳೂ ಅದೇ ಶ್ವಾಸಕೋಶಕ್ಕೆ ಇಳಿಯುತ್ತವೆ.

ಹಾಗಾದರೆ ಇಂಥವರಿಗೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡಬಾರದೇಕೆ? ಈ ಪ್ರಶ್ನೆಯನ್ನು ವಿಜ್ಞಾನ ನೇರವಾಗಿಯೇ ಪರೀಕ್ಷಿಸಿದೆ. ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಅಧ್ಯಯನದಲ್ಲಿ ಬೀಟಾ-ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು ಎಂದು 1994ರಲ್ಲಿ ತಿಳಿದುಬಂತು. ಅಮೆರಿಕದ ಕ್ಯಾರೆಟ್ (CARET) ಎಂಬ ಹೆಸರಿನ ಅಧ್ಯಯನದ 18,314 ಜನರಲ್ಲಿ ಧೂಮಪಾನಿಗಳಲ್ಲದೆ ಕಲ್ನಾರು ದೂಳಿನಲ್ಲಿ ದುಡಿದ ಕಾರ್ಮಿಕರೂ ಇದ್ದರು. ಬೀಟಾ-ಕ್ಯಾರೊಟಿನ್ ಜೊತೆ ವಿಟಮಿನ್ ಎ ಪಡೆದವರಲ್ಲಿ ಆ ಕ್ಯಾನ್ಸರ್ ಶೇ. 28ರಷ್ಟು ಏರಿದ್ದರಿಂದ 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ದೂಳಿನಲ್ಲಿ ದುಡಿಯುವವರಿಗೆ ಮಾತ್ರೆಯೇ ಕವಚ ಎಂಬ ನಂಬಿಕೆಗೆ ಇದಕ್ಕಿಂತ ಕಟುವಾದ ಉತ್ತರ ಬೇಕಿಲ್ಲ.

ಇವೆಲ್ಲ ಉಂಡುಟ್ಟು ಸುಖವಾಗಿದ್ದ ದೇಶಗಳ ಅಧ್ಯಯನ, ಬಡ ಸೀಮೆಗೆ ಅನ್ವಯಿಸದು ಎಂಬುದು ತೂಕದ ಆಕ್ಷೇಪ. ಚೀನಾದ ಲಿನ್‌ಶಿಯನ್‌ನಲ್ಲಿ, ಪೋಷಕಾಂಶದ ಕೊರತೆಯಿದ್ದ ಸುಮಾರು 30,000 ಜನರ ಅಧ್ಯಯನದಲ್ಲಿ, ಬೀಟಾ-ಕ್ಯಾರೊಟಿನ್, ವಿಟಮಿನ್ ಇ, ಸೆಲೆನಿಯಂ ಒಟ್ಟಾಗಿ ಪಡೆದವರ ಸಾವಿನ ಪ್ರಮಾಣ ಶೇ. 9ರಷ್ಟು ಇಳಿಯಿತು ಎಂದು 1993ರಲ್ಲಿ ವರದಿಯಾದದ್ದು ನಿಜ. ಆದರೆ ಅಲ್ಲಿ ನೀಗಿದ್ದು ಕೊರತೆ. ಕೊರತೆಯಿಲ್ಲದವರಿಗೆ ಹೆಚ್ಚುವರಿ ಪ್ರಮಾಣ ಒಳ್ಳೆಯದೆಂದು ಅದರಿಂದ ಸಿದ್ಧವಾಗುವುದಿಲ್ಲ. ಕೊರತೆ ನೀಗಲು ಈ ಸೀಮೆಯ ಊಟದಲ್ಲೇ ಬೇಕಾದಷ್ಟಿದೆ: ಜೋಳದ ರೊಟ್ಟಿಯ ಫಿನಾಲಿಕ್ ಆಮ್ಲಗಳು, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ತೊಗರಿಬೇಳೆಯ ಪ್ರೋಟೀನು, ಕುಸುಬಿ ಎಣ್ಣೆಯ ವಿಟಮಿನ್ ಇ. ತರಕಾರಿ ತಿನ್ನುವವರ ಆರೋಗ್ಯಕ್ಕೆ ಆ್ಯಂಟಿಆಕ್ಸಿಡೆಂಟ್ ಒಂದೇ ಕಾರಣವೂ ಅಲ್ಲ. ನಾರು, ಖನಿಜ, ಇತರ ಒಳ್ಳೆಯ ರೂಢಿಗಳೂ ಅದರಲ್ಲಿ ಬೆರೆತಿರುತ್ತವೆ. ಆದ್ದರಿಂದಲೇ ಊಟದ ಲಾಭವನ್ನು ಒಂದು ಗುಳಿಗೆಯಲ್ಲಿ ತುಂಬಿಸಲಾಗಲಿಲ್ಲ.

ಒಳ್ಳೆಯ ಊಟವೂ ದೂಳಿಗೆ ಮದ್ದಲ್ಲ ಎಂಬುದನ್ನು ಮರೆಯಬಾರದು. ಕಲ್ಲು ಕೊಯ್ಯುವಾಗ ನೀರು ಹಾಯಿಸುವುದು, ಯಂತ್ರದ ಬಾಯಲ್ಲೇ ದೂಳು ಹೀರುವುದು, ಸರಿಯಾದ ಮಾಸ್ಕ್, ನಿಯಮಿತ ಶ್ವಾಸಕೋಶ ತಪಾಸಣೆ, ಬೀಡಿ ಬಿಡಿಸುವ ನೆರವು ಇವು ಮೊದಲು ಬರಬೇಕು. 1948ರ ಕಾರ್ಖಾನೆ ಕಾಯ್ದೆ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ದೂಳಿನ ರೋಗಕ್ಕೆ ಹೊಣೆ ಕೆಲಸದ ಜಾಗದ್ದು ಎಂದು ಒಪ್ಪಿದ ಮಾತು ಅದು. ಆ ಹೊಣೆಯನ್ನು ಔಷಧಿ ಅಂಗಡಿಯ ಡಬ್ಬಿಗೆ ವರ್ಗಾಯಿಸುವುದನ್ನು ವಿಜ್ಞಾನ ಸಮರ್ಥಿಸುವುದಿಲ್ಲ.