ಏಳು ಇಂಚಿನಿಂದ ಹದಿಮೂರಕ್ಕೆ: ಟ್ಯಾಬ್ ಅಳತೆಯ ಕಥೆ

‘ಯಾವ ಟ್ಯಾಬ್ ತಗೊಳ್ಳಲಿ?’ ಎಂದು ಯಾರಾದರೂ ಕೇಳಿದರೆ ‘ಅದರಲ್ಲಿ ಏನು ಓದ್ತೀರಿ?’ ಎಂದು ನಾನು ತಿರುಗಿ ಕೇಳುತ್ತೇನೆ. ಅಂಗಡಿಯಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಲ್ಲಿ ರ‍್ಯಾಮು, ಪ್ರೊಸೆಸರು, ಕ್ಯಾಮೆರಾಗಳ ಪಟ್ಟಿ ಒಪ್ಪಿಸುತ್ತಾರೆ. ಆದರೆ ಈ ಹಲಗೆಯ ಚರಿತ್ರೆಯಲ್ಲಿ ಜಗಳವೆಲ್ಲ ಆಗಿರುವುದು ಎರಡು ವಿಷಯಕ್ಕೆ: ಪರದೆ ಎಷ್ಟಗಲ ಇರಬೇಕು, ಒಳಗೆ ಯಾರ ತಂತ್ರಾಂಶ ಇರಬೇಕು.

ಕಥೆ ಶುರುವಾಗುವುದು ರಟ್ಟಿನಿಂದ. 1968ರ ಸುಮಾರಿಗೆ ಅಲನ್ ಕೇ ಎಂಬ ಅಮೆರಿಕದ ವಿಜ್ಞಾನಿ ಮಕ್ಕಳು ಕೈಯಲ್ಲಿ ಹಿಡಿದು ಓಡಾಡಬಹುದಾದ ಕಂಪ್ಯೂಟರಿನ ಮಾದರಿಯೊಂದನ್ನು ರಟ್ಟಿನಲ್ಲಿ ಮಾಡಿ ನೋಡಿದರು. ಅದು ನೋಟ್‌ಬುಕ್ಕಿನಷ್ಟೇ ಇರಬೇಕೆಂಬುದು ಅವರ ಹಟ. ‘ಡೈನಾಬುಕ್’ ಎಂದು ಹೆಸರಿಟ್ಟು 1972ರಲ್ಲಿ ವಿವರವಾಗಿ ಬರೆದರು. ಯಂತ್ರ ಮಾತ್ರ ಆಗ ತಯಾರಾಗಲಿಲ್ಲ. 1989ರಲ್ಲಿ ಬಂದ ಗ್ರಿಡ್‌ಪ್ಯಾಡ್ ಎರಡು ಕಿಲೋ ತೂಗುತ್ತಿತ್ತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮುಂದೆ ಪಾಮ್ ಪೈಲಟ್ ಮಾಡುವ ಮೊದಲು ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದರಂತೆ. ಯಾರಾದರೂ ಫೋನ್ ನಂಬರು ಹೇಳಿದರೆ ಆ ಮರದ ಮೇಲೆಯೇ ಗೀಚುವ ನಟನೆ. ಜೇಬಿಗೆ ಹಿಡಿಸಬೇಕು ಎಂಬುದು ಮೊದಲು ತೀರ್ಮಾನವಾಯಿತು, ಚಿಪ್ಪಿನ ಮಾತು ಆಮೇಲೆ. 1996ರಲ್ಲಿ ಬಂದ ಪೈಲಟ್ ಗೆದ್ದಿತು. ಅದಕ್ಕಿಂತ ಮೂರು ವರ್ಷ ಮೊದಲೇ ಬಂದಿದ್ದ ಆಪಲ್‌ನ ನ್ಯೂಟನ್ ಜೇಬಿಗೂ ದೊಡ್ಡದು, ಮೇಜಿಗೂ ಚಿಕ್ಕದು. ಬರೆದ ಅಕ್ಷರವನ್ನು ತಪ್ಪಾಗಿ ಓದುವುದಕ್ಕೇ ಹೆಸರಾಗಿ 1998ರಲ್ಲಿ ನಿಂತುಹೋಯಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪುಟವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ಓಡುತ್ತಿತ್ತು, ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಒಂದೇ ಯಂತ್ರವನ್ನು ಊರಿನವರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ಬಳಿ ಒಂದೊಂದು ಸ್ಮಾರ್ಟ್ ಕಾರ್ಡ್ ಇರಲಿ ಎಂಬುದು ಅದರ ಹಿಂದಿನ ಯೋಚನೆ. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿದ’ ಮಾದರಿ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಅದು ಆ ಚಲನೆಯನ್ನು ಗುರುತಿಸುತ್ತಿತ್ತು, ಅದೂ ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ. ಆದರೂ ಓಡಲಿಲ್ಲ. ಕಾರಣಗಳನ್ನು ಬೇರೆಯವರು ಬೇರೆ ಬೇರೆ ಹೇಳುತ್ತಾರೆ. ಅಂಗೈಯಗಲದ ಪರದೆಯಲ್ಲಿ ಒತ್ತಕ್ಷರ ತುಂಬಿದ ಕನ್ನಡವನ್ನು ಬಹಳ ಹೊತ್ತು ಓದುವುದು ಸುಲಭವಲ್ಲ ಎಂಬುದೂ ಒಂದು ಎಂದು ನನ್ನ ಗುಮಾನಿ.

2002ರಲ್ಲಿ ಮೈಕ್ರೋಸಾಫ್ಟ್ ಟ್ಯಾಬ್ಲೆಟ್‌ಗೆಂದೇ ವಿಂಡೋಸ್ ಎಕ್ಸ್‌ಪಿ ತಂದಿತು. ಲ್ಯಾಪ್‌ಟಾಪಿನ ಭಾರ, ಮೌಸಿಗೆಂದು ಮಾಡಿದ ಸಣ್ಣ ಸಣ್ಣ ಮೆನುಗಳು. 2010ರಲ್ಲಿ ಸ್ಟೀವ್ ಜಾಬ್ಸ್ ತೋರಿಸಿದ ಐಪ್ಯಾಡ್ ಈ ತಪ್ಪು ಮಾಡಲಿಲ್ಲ. ಮ್ಯಾಕ್ ತಂತ್ರಾಂಶವನ್ನು ಕುಗ್ಗಿಸುವ ಬದಲು ಐಫೋನಿನದನ್ನು ಹಿಗ್ಗಿಸಿದರು, ಕಡ್ಡಿ ಬಿಟ್ಟು ಬೆರಳಿಗೆ ಒಪ್ಪಿಸಿದರು. ಪರದೆ 9.7 ಇಂಚು, ತೂಕ 680 ಗ್ರಾಂ. ಮಲಗಿ ಓದುವಾಗ ನಿದ್ದೆ ಬಂದು ಮುಖದ ಮೇಲೆ ಬಿದ್ದರೆ ಆ ತೂಕ ಎಷ್ಟೆಂದು ತಿಳಿಯುತ್ತಿತ್ತು.

ಅದೇ ವರ್ಷ ಸ್ಯಾಮ್‌ಸಂಗ್ ಏಳು ಇಂಚಿನ ಗ್ಯಾಲಕ್ಸಿ ಟ್ಯಾಬ್ ತಂದಿತು. ಜಾಬ್ಸ್ ಲೇವಡಿ ಮಾಡಿದರು: ಇದನ್ನು ಕೊಳ್ಳುವವರಿಗೆ ಬೆರಳು ತೇಯ್ದುಕೊಳ್ಳಲು ಉಪ್ಪುಕಾಗದವನ್ನೂ ಕೊಡಬೇಕಾದೀತು ಎಂದು. ಲೇವಡಿಯಲ್ಲಿ ಲೆಕ್ಕವೂ ಇತ್ತು. ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಏಳು ಎಂದರೆ ಹತ್ತರಲ್ಲಿ ಏಳು ಪಾಲು ಇರಬೇಕು ಎಂದು ನಮಗೆ ಅನಿಸುತ್ತದೆ. ಉದ್ದ, ಅಗಲ ಗುಣಿಸಿ ನೋಡಿದರೆ ಆ ಪರದೆಯ ವಿಸ್ತೀರ್ಣ ಐಪ್ಯಾಡಿನ ಅರ್ಧವೂ ಇರಲಿಲ್ಲ. ಆದರೆ ಒಂದೇ ಕೈಯಲ್ಲಿ ಹಿಡಿಯುವ ಸುಖವೂ ಕಡಿಮೆ ಬೆಲೆಯೂ ಜನಕ್ಕೆ ಬೇಕಿತ್ತು. 2012ರಲ್ಲಿ ಗೂಗಲ್‌ನ ನೆಕ್ಸಸ್ 7 ಚೆನ್ನಾಗಿ ಮಾರಾಟವಾಯಿತು. ವರ್ಷದ ಕೊನೆಗೆ, ಜಾಬ್ಸ್ ತೀರಿಕೊಂಡ ಮರುವರ್ಷ, ಆಪಲ್ ಕೂಡ 7.9 ಇಂಚಿನ ಐಪ್ಯಾಡ್ ಮಿನಿ ಬಿಟ್ಟಿತು. ತೂಕ 308 ಗ್ರಾಂ.

ನಮ್ಮ ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆಂದು ಆಕಾಶ್ ಬಿಡುಗಡೆ ಮಾಡಿದ್ದು ಈ ಏಳು ಇಂಚಿನ ಕಾಲದಲ್ಲೇ. ಬೆಲೆಯ ಸುದ್ದಿ ಲೋಕವೆಲ್ಲ ಹಬ್ಬಿತು. ಪರದೆ ಮಾತ್ರ ಒತ್ತಿದರಷ್ಟೇ ಸ್ಪಂದಿಸುವ ಹಳೆಯ ಬಗೆಯದು, ಉಗುರಿನಿಂದ ಕುಟ್ಟಬೇಕಾಗುತ್ತಿತ್ತು. ಅಗ್ಗವಾಗಿದ್ದರೆ ಸಾಕು, ಮಕ್ಕಳು ಹೇಗೋ ಹೊಂದಿಕೊಳ್ಳುತ್ತಾರೆ ಎಂಬ ಆ ಎಣಿಕೆ ತಪ್ಪಾಗಿತ್ತು ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಏಳು ಇಂಚನ್ನು ನುಂಗಿದ್ದು ಫೋನು. 2011ರ ಗ್ಯಾಲಕ್ಸಿ ನೋಟ್‌ನ 5.3 ಇಂಚಿನ ಪರದೆ ಕಂಡು ನಕ್ಕವರ ಜೇಬಿನಲ್ಲಿ ಇವತ್ತು 6.7 ಇಂಚಿನ ಫೋನಿದೆ. ಟ್ಯಾಬ್‌ಗಳು ದೊಡ್ಡವಾಗದೆ ಗತಿಯಿರಲಿಲ್ಲ. 2015ರಲ್ಲಿ 12.9 ಇಂಚಿನ ಐಪ್ಯಾಡ್ ಪ್ರೊ ಬಂತು. 2022ರಲ್ಲಿ ಸ್ಯಾಮ್‌ಸಂಗ್ 14.6 ಇಂಚು ಮುಟ್ಟಿತು. ಅದನ್ನು ಟ್ಯಾಬ್ ಎನ್ನುವುದಕ್ಕಿಂತ ಹೋಳಿಗೆ ತಟ್ಟುವ ಮಣೆ ಎಂದರೆ ಸರಿಹೋದೀತು.

ಇನ್ನು ಒಳಗಿನ ತಂತ್ರಾಂಶ. ಬ್ಲ್ಯಾಕ್‌ಬೆರಿಯ ಪ್ಲೇಬುಕ್ ಬೇಗ ಮರೆಯಾಯಿತು. ಎಚ್‌ಪಿ ಟಚ್‌ಪ್ಯಾಡ್ ಮಾರುಕಟ್ಟೆಯಲ್ಲಿ ಇದ್ದದ್ದು 49 ದಿನ. 2012ರ ಸರ್ಫೇಸ್ ಆರ್‌ಟಿಯಲ್ಲಿ ವಿಂಡೋಸ್ ಇದ್ದರೂ ಹಳೆಯ ವಿಂಡೋಸ್ ಪ್ರೋಗ್ರಾಮುಗಳು ಓಡುತ್ತಿರಲಿಲ್ಲ. ಮರುವರ್ಷ ಮೈಕ್ರೋಸಾಫ್ಟ್ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಈ ಯಂತ್ರಗಳ ಲೋಹ, ಗಾಜು ಚೆನ್ನಾಗಿಯೇ ಇದ್ದವು. ಬೇಕಾದ ಆ್ಯಪ್‌ಗಳು ಇರಲಿಲ್ಲ, ಅಷ್ಟೆ. ಆಂಡ್ರಾಯ್ಡ್ 2011ರಲ್ಲೇ ಟ್ಯಾಬ್‌ಗೆಂದು ಹನಿಕೋಂಬ್ ಆವೃತ್ತಿ ತಂದರೂ ಫೋನಿನ ಆ್ಯಪ್‌ಗಳೇ ಎಳೆದು ಅಗಲ ಮಾಡಿದಂತೆ ಕಾಣುತ್ತಿದ್ದವು. ದೊಡ್ಡ ಪರದೆಗೆ ಗೂಗಲ್ ಮತ್ತೆ ಗಮನ ಕೊಟ್ಟದ್ದು 2022ರ 12ಎಲ್ ಆವೃತ್ತಿಯಲ್ಲಿ. ಐಪ್ಯಾಡಿಗೆ 2019ರಿಂದ ಬೇರೆಯೇ ತಂತ್ರಾಂಶವಿದೆ. 2014ರ ಐಪ್ಯಾಡ್ ಏರ್ 2ಕ್ಕೆ 2021ರ ಹೊಸ ಆವೃತ್ತಿಯೂ ಸಿಕ್ಕಿತು. ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಇಷ್ಟು ಬಾಳಿಕೆ ನಿರೀಕ್ಷಿಸಬೇಡಿ.

ಕನ್ನಡದ ಲೆಕ್ಕ ಬೇರೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ 4.1 ಆವೃತ್ತಿಯಿಂದ. ಅದಕ್ಕೆ ಮೊದಲು ಕನ್ನಡ ಇರಬೇಕಾದ ಕಡೆ ಖಾಲಿ ಚೌಕಗಳು ಕಾಣುತ್ತಿದ್ದವು. ಐಪ್ಯಾಡಿನಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ‘ನುಡಿ’ ತಂತ್ರಾಂಶದ ಹಳೆಯ ಕಡತಗಳೊಡನೆ ದಿನವೂ ಏಗಬೇಕಾದವರಿಗೆ ಇವತ್ತಿಗೂ ವಿಂಡೋಸೇ ಗತಿ.

ಅಳತೆಯ ತೀರ್ಮಾನಕ್ಕೆ ನಾನು ಸ್ಕೇಲು ಹಿಡಿದು ಕೂತೆ. ನಮ್ಮ ಪುಸ್ತಕಗಳು ಸಾಮಾನ್ಯವಾಗಿ 1/8 ಡೆಮಿ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಎತ್ತರ. ಸ್ಕ್ಯಾನ್ ಮಾಡಿದ ಅಂಥ ಪುಟ ಏಳು ಇಂಚಿನ ಪರದೆಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ‘ಸ್ತ್ರೀ’ಯ ಕೆಳಗಿನ ಒತ್ತುಗಳು ಇರುವೆಯಂತೆ ಕಾಣುತ್ತವೆ. ಎಂಟು ಇಂಚಿನದರಲ್ಲಿ ಮೂಲದ ಮುಕ್ಕಾಲು ಪಾಲಿನಷ್ಟು ಬರುತ್ತದೆ, ಕನ್ನಡಕ ಹಾಕಿಕೊಂಡು ಓದಬಹುದು. ಹತ್ತು-ಹನ್ನೊಂದು ಇಂಚಿನದರಲ್ಲಿ ಪುಸ್ತಕ ಹೆಚ್ಚುಕಡಿಮೆ ಪುಸ್ತಕದಷ್ಟೇ ಇರುತ್ತದೆ. ಮಕ್ಕಳ ಪ್ರಶ್ನೆಪತ್ರಿಕೆ, ಕಚೇರಿಯ ಸುತ್ತೋಲೆಗಳ ಎ4 ಹಾಳೆಗೆ ಹದಿಮೂರೇ ಬೇಕು. ಪರದೆಯ ಆಕಾರವನ್ನೂ ನೋಡಿ. ಉದ್ದುದ್ದನೆಯ 16:10 ಸಿನಿಮಾಕ್ಕೆ ಹೇಳಿ ಮಾಡಿಸಿದ್ದು, ಪುಟಕ್ಕೆ 4:3ರ ಹತ್ತಿರದ್ದು ಹೊಂದುತ್ತದೆ.

ನನ್ನ ಮತ ಹನ್ನೊಂದು ಇಂಚಿಗೆ. ಬಸ್ಸಿನಲ್ಲೇ ಹೆಚ್ಚು ಓದುವವರಾದರೆ ಎಂಟು. ಕೊಳ್ಳಲು ಹೋಗುವಾಗ ಹಳೆಯ ಕನ್ನಡ ಪುಸ್ತಕವೊಂದರ ಪಿಡಿಎಫ್ ಫೋನಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯ ಟ್ಯಾಬ್‌ಗೆ ಕಳಿಸಿ, ಹಿಗ್ಗಿಸದೆ ಎರಡು ಪುಟ ಓದಿ ನೋಡಿ. ಓದಲು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ.