ಕಡಲಾಚೆ ಮಾಡಿಸಿ ಕೊಡಗಿಗೆ ತರಿಸುವುದು

ಕೊಡಗಿನ ಕೆಲವು ಕಾಫಿ ಬೆಳೆಗಾರರು ಈಗ ಚೆರ್ರಿ, ಪಾರ್ಚ್‌ಮೆಂಟ್ ಮಾರಿ ಸುಮ್ಮನಾಗುವುದಿಲ್ಲ. ತಾವೇ ಹುರಿದು, ತೋಟದ ಹೆಸರು ಅಚ್ಚಾದ ಪೊಟ್ಟಣದಲ್ಲಿ ತುಂಬಿ ಮಾರುತ್ತಾರೆ. ಅದಕ್ಕೆ ಬೇಕಾದ ರೋಸ್ಟರ್, ವಾಲ್ವ್ ಕೂರಿಸಿದ ಪೌಚ್, ತವರದ ಡಬ್ಬಿಗಳನ್ನು ಚೀನಾ, ತೈವಾನ್ ಅಥವಾ ಟರ್ಕಿಯ ಕಾರ್ಖಾನೆಯಲ್ಲಿ ತಮ್ಮ ಅಳತೆಗೆ ಮಾಡಿಸಿಕೊಳ್ಳುವ ಯೋಚನೆ ಸಹಜವಾಗಿಯೇ ಬರುತ್ತದೆ. ಕಾರ್ಖಾನೆ ಹೇಳುವ ದರ ಆಕರ್ಷಕವಾಗಿರುತ್ತದೆ. ತೋಟದ ಗೇಟಿಗೆ ಸರಕು ಬಂದು ಇಳಿಯುವ ಹೊತ್ತಿನ ದರವೇ ಬೇರೆ.

ಪೂಲ್ ಹೋದ ಮೇಲೆ

ಮಡಿಕೇರಿಯ ಬಳಿ ಫೌಲರ್ ಎಂಬ ಆಂಗ್ಲ ತೋಟಗಾರ 1854ರಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಸಂಸ್ಕರಿಸಿದ ಬೀಜ ಹಡಗು ಹತ್ತುತ್ತಿದ್ದುದು ಪಶ್ಚಿಮ ಕರಾವಳಿಯಲ್ಲಿ. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರ ತನ್ನ ಫಸಲನ್ನು ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿದ್ದರಿಂದ ಸ್ವಂತ ಬ್ರಾಂಡಿನ ಮಾತೇ ಇರಲಿಲ್ಲ. ಈ ಕಟ್ಟುಪಾಡು ಸಡಿಲವಾದದ್ದು 1990ರ ದಶಕದಲ್ಲಿ. 2019ರಲ್ಲಿ ‘ಕೂರ್ಗ್ ಅರೇಬಿಕಾ’ಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಹೆಸರಿಗೆ ಬೆಲೆ ಬಂದ ಮೇಲೆ ಪೊಟ್ಟಣಕ್ಕೂ ಬೆಲೆ ಬಂತು.

ಪೌಚ್ ಬೇಡ, ಯಂತ್ರವಾದರೆ ನೋಡಬಹುದು

ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಒಳಗಿನ ಅನಿಲ ಹೊರಹೋಗಿ ಹೊರಗಿನ ಗಾಳಿ ಒಳಬಾರದಂತೆ ಪೌಚಿಗೆ ಏಕಮುಖ ವಾಲ್ವ್ ಇಡುವುದು ಅದಕ್ಕೇ. ಇಂಥ ಪೌಚನ್ನು ಗ್ರೇವರ್ ವಿಧಾನದಲ್ಲಿ ಅಚ್ಚು ಹಾಕಿದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಸಾವಿರಗಟ್ಟಲೆ ಪೌಚ್ ಮಾಡಿಸಿದರೆ ಮಾತ್ರ ಆ ಖರ್ಚು ಗಿಟ್ಟುತ್ತದೆ. ಡಿಜಿಟಲ್ ಮುದ್ರಣಕ್ಕೆ ಸಿಲಿಂಡರ್ ಬೇಕಿಲ್ಲ. ಸಣ್ಣ ಪ್ರಮಾಣದಲ್ಲಿ ಅದನ್ನು ಭಾರತದಲ್ಲೇ ಮಾಡಿಕೊಡುವವರಿದ್ದಾರೆ. ವಿದೇಶದಿಂದ ಪ್ಲಾಸ್ಟಿಕ್ ಪೊಟ್ಟಣ ತರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆಹಾರಕ್ಕೆ ತಾಗುವ ವಸ್ತುವಾದ್ದರಿಂದ 2018ರ ಪ್ಯಾಕೇಜಿಂಗ್ ನಿಯಮಗಳಿಗೂ ಅದು ಹೊಂದಬೇಕು. ವರ್ಷಕ್ಕೆ ಒಂದೆರಡು ಟನ್ ಹುರಿಯುವವರಿಗೆ ಈ ರಗಳೆ ಬೇಡ.

ತರಿಸಲೇಬೇಕೆಂದರೆ ವಿನ್ಯಾಸದ ಕಡತದ ಮೇಲೆ ಕಣ್ಣಿಡಿ. ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಕಳಚಿಕೊಂಡು ‘ನಿವ್ವಳ ತೂಕ’ ‘ನಿವ್‌ವಳ ತೂಕ’ ಆಗುತ್ತದೆ. ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿಯೇ ಕಳಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ 14 ಅಂಕಿಯ ಪರವಾನಗಿ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಅಷ್ಟೂ ಪೌಚ್ ರದ್ದಿ. ಬದಲಾಗುತ್ತಲೇ ಇರುವ ಗರಿಷ್ಠ ಮಾರಾಟ ಬೆಲೆ, ಪ್ಯಾಕ್ ಮಾಡಿದ ದಿನಾಂಕಗಳಿಗೆ ಖಾಲಿ ಜಾಗ ಬಿಟ್ಟು ಇಲ್ಲಿಯೇ ಒತ್ತಿಕೊಳ್ಳುವುದು ಲೇಸು.

ರೋಸ್ಟರಿನ ಕಥೆ ಬೇರೆ. ಕೊಂಡ ಯಂತ್ರ ಹತ್ತಾರು ವರ್ಷ ದುಡಿಯುತ್ತದೆ. ಜರ್ಮನಿಯ ಪ್ರೋಬಾಟ್, ಟರ್ಕಿಯ ಟೋಪರ್, ನೆದರ್ಲೆಂಡ್ಸಿನ ಗೀಸೆನ್ ಈ ಕ್ಷೇತ್ರದ ಪರಿಚಿತ ಹೆಸರುಗಳು. ಆರ್ಡರಿನಲ್ಲಿ ವಿದ್ಯುತ್ತಿನ ವಿವರವನ್ನು ಅಂಕಿಯಲ್ಲೇ ಬರೆಯಿರಿ. ತೈವಾನಿನ ಮನೆಬಳಕೆಯ ವಿದ್ಯುತ್ 110 ವೋಲ್ಟ್, 60 ಹರ್ಟ್ಸ್; ಚೀನಾದ ತ್ರೀ ಫೇಸ್ 380 ವೋಲ್ಟ್; ನಮ್ಮ ಸಿಂಗಲ್ ಫೇಸ್ 230, ತ್ರೀ ಫೇಸ್ 415 ವೋಲ್ಟ್, ಎರಡೂ 50 ಹರ್ಟ್ಸ್. 60 ಹರ್ಟ್ಸಿನ ಮೋಟಾರು ಇಲ್ಲಿ ನಿಧಾನವಾಗಿ ತಿರುಗಿ ಡ್ರಮ್ಮಿನ ವೇಗವನ್ನೇ ಕೆಡಿಸುತ್ತದೆ. ಬರ್ನರ್ ಎಲ್‌ಪಿಜಿಗೆ ಹೊಂದುವಂಥದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಪೈಪಿನ ಗ್ಯಾಸಿನ ಜೆಟ್ ಬೇರೆ ಅಳತೆಯದು. ಬಿಡಿಭಾಗಗಳನ್ನು ಮೊದಲ ಸಾಗಣೆಯಲ್ಲೇ ಸೇರಿಸಿಕೊಂಡರೆ ಮುಂದೆ ಒಂದು ಬೇರಿಂಗಿಗಾಗಿ ತಿಂಗಳು ಕಾಯುವುದು ತಪ್ಪುತ್ತದೆ.

ಕಾಗದಪತ್ರ

ಆಮದು ರಫ್ತು ಕೋಡ್ ಇಲ್ಲದೆ ವ್ಯಾಪಾರಕ್ಕೆಂದು ಸರಕು ತರಿಸಲಾಗದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಪಡೆಯಬಹುದು. ಪ್ಯಾನ್ ಸಂಖ್ಯೆಯೇ ಕೋಡ್ ಆಗುತ್ತದೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ದೃಢಪಡಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ಬಂದರಿನಲ್ಲಿ ‘ಬಿಲ್ ಆಫ್ ಎಂಟ್ರಿ’ ಸಲ್ಲಿಸುವ ಕೆಲಸವನ್ನು ಪರವಾನಗಿ ಇರುವ ಕಸ್ಟಮ್ಸ್ ಬ್ರೋಕರ್‌ಗೆ ಬಿಡುವುದೇ ವಾಸಿ. ಸರಕಿನ ಎಂಟು ಅಂಕಿಯ ಸುಂಕ ಸಂಖ್ಯೆಯನ್ನು ಅವರಿಂದ ಆರ್ಡರಿಗೆ ಮೊದಲೇ ತಿಳಿದುಕೊಳ್ಳಿ, ಸುಂಕದ ದರ ನಿಂತಿರುವುದು ಅದರ ಮೇಲೆ. ಯಂತ್ರ ಮರದ ಪೆಟ್ಟಿಗೆಯಲ್ಲಿ ಬರುವುದಾದರೆ ಮರವನ್ನು ಕೀಟಮುಕ್ತಗೊಳಿಸಿದ ‘ಐಎಸ್‌ಪಿಎಂ 15’ ಮುದ್ರೆ ಇರಬೇಕು. ಇಲ್ಲವಾದರೆ ಪೆಟ್ಟಿಗೆ ಬಂದರಿನಲ್ಲೇ ಸಿಕ್ಕಿಬೀಳುತ್ತದೆ.

ಸುಂಕದ ಲೆಕ್ಕ

ಸುಂಕ ಬೀಳುವುದು ಸರಕಿನ ಬೆಲೆಗೆ ಹಡಗಿನ ಬಾಡಿಗೆ, ವಿಮೆ ಎರಡನ್ನೂ ಕೂಡಿಸಿದ ಮೊತ್ತದ ಮೇಲೆ. ಆ ಮೊತ್ತ 1,00,000 ರೂಪಾಯಿ, ಮೂಲ ಸುಂಕ ಶೇ 10 ಎಂದಿಟ್ಟುಕೊಳ್ಳಿ. ಸುಂಕ 10,000, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ 1,000, ಒಟ್ಟು 1,11,000ದ ಮೇಲೆ ಶೇ 18ರ ಐಜಿಎಸ್‌ಟಿ 19,980. ಕಟ್ಟುವುದು 30,980. ಜಿಎಸ್‌ಟಿ ನೋಂದಣಿ ಇದ್ದವರು 19,980ನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಆ ಭಾಗ್ಯವಿಲ್ಲ.

ಮಾಡಿಸಿದ ಸರಕಿಗೇ ಮೀಸಲಾದ ಒಂದು ನಿಯಮವೂ ಇದೆ, ಅನೇಕರಿಗೆ ಇದು ತಿಳಿಯುವುದು ನೋಟಿಸ್ ಬಂದ ಮೇಲೆ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ ಪ್ರಕಾರ ಅಚ್ಚು, ಡೈಗಳನ್ನು ನೀವೇ ಒದಗಿಸಿದ್ದರೆ, ಬಿಲ್ಲಿನಲ್ಲಿ ಕಾಣದಿದ್ದರೂ ಆ ಖರ್ಚು ಸರಕಿನ ಮೌಲ್ಯಕ್ಕೆ ಸೇರಬೇಕು. ಭಾರತದ ಹೊರಗೆ ಮಾಡಿಸಿದ ವಿನ್ಯಾಸದ ಖರ್ಚೂ ಸೇರುತ್ತದೆ. ಅದೇ ವಿನ್ಯಾಸ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಆಗಿದ್ದರೆ ಸೇರುವುದಿಲ್ಲ. ಲೋಗೊ ಬರೆಯುವ ಕೆಲಸ ಊರಿನ ಹುಡುಗರಿಗೇ ಸಿಗಲಿ.

ಬಂದರಿನಿಂದ ತೋಟಕ್ಕೆ

ಕೊಡಗಿಗೆ ರೈಲಿಲ್ಲ. ಹತ್ತಿರದ ದೊಡ್ಡ ಬಂದರು ಪಣಂಬೂರಿನ ನವಮಂಗಳೂರು. ಚೆನ್ನೈಗೆ ಬಂದು ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊ ಮೂಲಕವೂ ಸರಕು ಬರುತ್ತದೆ. ಸಣ್ಣ ಆಮದುದಾರರ ಪೆಟ್ಟಿಗೆ ಇತರರ ಸರಕಿನೊಂದಿಗೆ ಒಂದೇ ಕಂಟೇನರಿನಲ್ಲಿ ಬರುವುದೇ ಹೆಚ್ಚು. ಹಡಗಿನ ಬಾಡಿಗೆ ಅಗ್ಗವೆನಿಸಿದರೂ ಇಲ್ಲಿನ ಗೋದಾಮು ಶುಲ್ಕ, ಡೆಲಿವರಿ ಆರ್ಡರ್ ಶುಲ್ಕ ಸೇರಿ ಬಿಲ್ಲು ಉಬ್ಬುತ್ತದೆ. ಈ ಶುಲ್ಕಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಮೊದಲೇ ಪಡೆಯಿರಿ.

ಮಂಗಳೂರಿನಿಂದ ಮಡಿಕೇರಿಗೆ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಸಂಪಾಜೆ ಘಾಟಿ ಹತ್ತಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಗುಡ್ಡ ಜರಿದು ಈ ದಾರಿಯೇ ಮುಚ್ಚಿತ್ತು. ಮಳೆಗಾಲದಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಬೀಳುವುದೂ ಉಂಟು. ತೋಟದ ದಾರಿಯಲ್ಲಿ ಟ್ರೇಲರ್ ತಿರುಗಲಾರದು. ಪೇಟೆಯಲ್ಲೇ ಸಣ್ಣ ಲಾರಿಗೆ ಬದಲಿಸಬೇಕು. ಅತ್ತ ಜನವರಿ, ಫೆಬ್ರವರಿಯಲ್ಲಿ ಚೀನೀ ಹೊಸ ವರ್ಷಕ್ಕೆ ಅಲ್ಲಿನ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ನಮ್ಮಲ್ಲಿ ರೊಬಸ್ಟಾ ಕೊಯ್ಲು ನಡೆಯುವುದು ಆಗಲೇ. ಮಳೆ ಹಿಡಿಯುವ ಮೊದಲೇ ಆರ್ಡರ್ ಕೊಟ್ಟು ನವೆಂಬರಿನೊಳಗೆ ಸರಕು ಇಳಿಸಿಕೊಳ್ಳುವ ಲೆಕ್ಕ ಹಾಕಬೇಕು.

ಹಣ ಕಳಿಸುವಾಗ

ಶೇ 30 ಮುಂಗಡ, ಉಳಿದದ್ದು ಸಾಗಣೆಗೆ ಮುನ್ನ ಎಂಬುದು ಬಹುಮಟ್ಟಿಗೆ ರೂಢಿ. ಎರಡನೆಯ ಕಂತಿಗೆ ಮೊದಲು ತಪಾಸಣಾ ಸಂಸ್ಥೆಯೊಂದರಿಂದ ಸರಕು ಪರೀಕ್ಷೆ ಮಾಡಿಸಿ. ಹಣ ಕಳೆದುಕೊಳ್ಳುವುದು ಕೆಟ್ಟ ಸರಕಿನಿಂದ ಮಾತ್ರವಲ್ಲ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ನಡುವೆ ಬರುವ ನಕಲಿ ಇಮೇಲಿನಿಂದಲೂ. ಅಂಥ ಪತ್ರ ಬಂದರೆ ಅದರಲ್ಲಿರುವ ಸಂಖ್ಯೆಗಲ್ಲ, ನಿಮ್ಮಲ್ಲಿ ಮೊದಲೇ ಇದ್ದ ಸಂಖ್ಯೆಗೆ ಕರೆಮಾಡಿ ವಿಚಾರಿಸಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಿ.