ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡ

ಹಿಂದಿನ ಹೈದರಾಬಾದ್ ಸಂಸ್ಥಾನದ ರಾಜಧಾನಿಯ ಪೊಲೀಸ್ ಇಲಾಖೆಯ ತಂಡ. 1950ರ ದಶಕದಲ್ಲಿ ಭಾರತದ ಅತ್ಯಂತ ಬಲಿಷ್ಠ ಫುಟ್‌ಬಾಲ್ ತಂಡಗಳಲ್ಲೊಂದು. ಬೀದರ್, ಭಾಲ್ಕಿ, ಔರಾದ್ ಪ್ರದೇಶಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ, ತಂಡದ ಉತ್ಕರ್ಷದ ವರ್ಷಗಳಲ್ಲಿ ಇದು ಆ ಊರುಗಳ ರಾಜಧಾನಿಯ ತಂಡವೂ ಆಗಿತ್ತು.

ಏಳಿಗೆ: ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ ತರಬೇತಿಯ ಹೊಣೆ ಹೊತ್ತರು. ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳದೆ ಚುರುಕಾಗಿ ಪಾಸ್ ಮಾಡುವುದು, ಎರಡೂ ಕಾಲುಗಳನ್ನು ಸಮನಾಗಿ ಪಳಗಿಸುವುದು ಅವರ ಪದ್ಧತಿ. ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಡುರಾಂಡ್ ಕಪ್ 1950, 1954, 1957ರಲ್ಲಿ ಒಲಿಯಿತು. 1954ರ ಫೈನಲ್‌ನಲ್ಲಿ ಸೋತದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂಡ. ರಹೀಮ್ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು; 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು.

ಇಳಿಮುಖ: ರಾಜ್ಯ ಪುನರ್‌ವಿಂಗಡಣೆಯ ನಂತರ ತಂಡ ಆಂಧ್ರಪ್ರದೇಶ ಪೊಲೀಸ್ ಎನಿಸಿತು. ಆ ಹೆಸರಿನಲ್ಲಿ 1961ರ ಡುರಾಂಡ್ ಕಪ್ ಗೆದ್ದಿತು. 1963ರ ಜೂನ್‌ನಲ್ಲಿ ರಹೀಮ್ ತೀರಿಕೊಂಡರು. ಕಲ್ಕತ್ತಾದ ದೊಡ್ಡ ಕ್ಲಬ್‌ಗಳು ಹೈದರಾಬಾದಿನ ಪ್ರತಿಭೆಗಳನ್ನು ಸೆಳೆದುಕೊಂಡವು. ತಂಡದ ಹಿಡಿತ ಸಡಿಲಿತು. 2019ರಲ್ಲಿ ಸ್ಥಾಪನೆಯಾಗಿ, 2021–22ರ ಇಂಡಿಯನ್ ಸೂಪರ್ ಲೀಗ್ ಗೆದ್ದ ಹೈದರಾಬಾದ್ ಎಫ್‌ಸಿ ಬೇರೆಯೇ ಸಂಸ್ಥೆ.